ಹೊಸತೊಡಕಿನ ದಿನ ಉಪವಾಸವಿದ್ದ ನಾಯಿ

ನಮ್ಮ ಮನೆಯಲ್ಲಿ ಕಾಲು ನೋವಿರುವವರು ಇಬ್ಬರು. ಒಬ್ಬಳು ನಾನು, ರೇವಮ್ಮ, ಅರವತ್ತಮೂರು ವರ್ಷ. ಇನ್ನೊಬ್ಬ ಸೋಮ, ನಾಲ್ಕು ವರ್ಷ, ನಾಯಿ. ನನ್ನ ನೋವು ಬಲಮಂಡಿಯಲ್ಲಿ, ಎರಡು ವರ್ಷದಿಂದ ಅದೇ ಜಾಗದಲ್ಲಿ. ಸೋಮನದು ಹಾಗೆ ಒಂದೇ ಕಡೆ ಬಿದ್ದಿರುವ ಸೋಮಾರಿ ನೋವಲ್ಲ. ಬೆಳಿಗ್ಗೆ ಮುಂದಿನ ಎಡಗಾಲಲ್ಲಿರುತ್ತದೆ, ಸಂಜೆ ಹೊತ್ತಿಗೆ ಹಿಂದಿನ ಬಲಗಾಲಿಗೆ ಹೋಗಿರುತ್ತದೆ, ಬಿಸ್ಕತ್ತಿನ ಡಬ್ಬದ ಮುಚ್ಚಳ ತೆಗೆದ ಸದ್ದಾದರೆ ಊರು ಬಿಟ್ಟೇ ಹೋಗುತ್ತದೆ. ನಮ್ಮಿಬ್ಬರಲ್ಲಿ ಒಬ್ಬರನ್ನು ನಮ್ಮ ಯಜಮಾನರು ಕಾರಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದರು. ಯಾರನ್ನು ಎಂದು ಬೇರೆ ಹೇಳಬೇಕೆ?

ಯಜಮಾನರ ಹೆಸರು ರುದ್ರಯ್ಯ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ರಿಟೈರ್ ಆದವರು. ಹೊಳೆನರಸೀಪುರ, ಚನ್ನರಾಯಪಟ್ಟಣ, ಹಾಸನ ಎಲ್ಲ ಸುತ್ತಿ ಕೊನೆಗೆ ಅರಕಲಗೂಡಿನಲ್ಲಿ ಮನೆ ಕಟ್ಟಿದರು. ತಕ್ಕಡಿಯ ತಟ್ಟೆಯಡಿ ಹುಣಸೆಹಣ್ಣು ಅಂಟಿಸಿದವರನ್ನು, ತೂಕದ ಕಲ್ಲಿನ ಅಡಿ ಕೊರೆದವರನ್ನು, ಸೀಮೆಎಣ್ಣೆ ಅಳತೆಯ ತಳ ಕುಟ್ಟಿದವರನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದರಂತೆ. ‘ನನ್ಗೆ ಟೋಪಿ ಹಾಕೋನು ಇನ್ನೂ ಹುಟ್ಟಿಲ್ಲ ಕಣೇ’ ಎನ್ನುವುದು ಅವರ ನಿತ್ಯದ ಮಾತು. ರಿಟೈರ್ ಆದ ಮೇಲೆ ಹಿಡಿಯಲು ಅಂಗಡಿಯವರು ಸಿಗದೆ ನನ್ನನ್ನೇ ಹಿಡಿಯತೊಡಗಿದರು. ನಾನು ಸಂತೆಯಿಂದ ಬೀನ್ಸ್ ತಂದರೆ ಮತ್ತೆ ತೂಗುತ್ತಾರೆ. ತಲೆನೋವು ಎಂದರೆ ಜ್ವರ ಇದೆಯೋ ಎಂದು ಥರ್ಮಾಮೀಟರ್ ಇಟ್ಟು, ಪಾದರಸ ಏರದಿದ್ದರೆ ‘ನಿಂಗೇನೂ ಆಗಿಲ್ಲ, ಎದ್ದೇಳು’ ಎನ್ನುತ್ತಾರೆ. ಮಂಡಿನೋವನ್ನು ಅಳೆಯುವ ಕಡ್ಡಿ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಅವರ ಪ್ರಕಾರ ಆ ನೋವೇ ಇಲ್ಲ.

ಇಂಥವರ ಮನೆಗೆ, ನಾಲ್ಕು ವರ್ಷದ ಹಿಂದೆ, ಕಾರ್ತೀಕದ ಒಂದು ಸೋಮವಾರ, ಗೇಟಿನ ಕೆಳಗೆ ನುಸುಳಿಕೊಂಡು ಒಂದು ಕಂದು ಮರಿ ಬಂತು. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿತ್ತು. ಸೋಮವಾರ ಶಿವನ ವಾರ, ಆ ವಾರ ಬಂದದ್ದು ಸುಮ್ಮನೆ ಬಂದದ್ದಲ್ಲ ಎಂದು ಯಜಮಾನರು ತೀರ್ಮಾನಿಸಿ ಸೋಮ ಎಂದು ಹೆಸರಿಟ್ಟರು. ನಾನು ಇವರ ಕೈಹಿಡಿದು ಬಂದದ್ದೂ ಸೋಮವಾರವೇ. ಅದು ಮಾತ್ರ ಸುಮ್ಮನೆ ಬಂದದ್ದು.

ಸೋಮನ ದಿನಚರಿ ಕೇಳಿ. ಬೆಳಿಗ್ಗೆ ಆರೂವರೆಗೆ ಹಾಲಿಗೆ ರಾಗಿಮುದ್ದೆ ಕಲಸಿ ಹಾಕುತ್ತೇನೆ. ತಿಂದು, ತಟ್ಟೆಯನ್ನು ನಾನು ತಿಕ್ಕಿದ್ದಕ್ಕಿಂತ ಚೆನ್ನಾಗಿ ನೆಕ್ಕಿಡುತ್ತಾನೆ. ಏಳಕ್ಕೆ ಯಜಮಾನರು ವಾಕಿಂಗ್ ಮುಗಿಸಿ ಗೇಟು ತೆಗೆಯುವ ಹೊತ್ತಿಗೆ ಸರಿಯಾಗಿ ಆ ತಟ್ಟೆಯನ್ನು ಮೂಗಿನಿಂದ ತಳ್ಳಿಕೊಂಡು ಬಾಗಿಲಿಗೆ ಬಂದು, ಪಕ್ಕದಲ್ಲಿ ಮಲಗಿ, ಒಂದು ನಿಟ್ಟುಸಿರು ಬಿಡುತ್ತಾನೆ. ಬೊಗಳುವುದಿಲ್ಲ, ಕುಂಯ್‌ಗುಡುವುದಿಲ್ಲ, ಅವರ ಮುಖವನ್ನೂ ನೋಡುವುದಿಲ್ಲ. ಗೋಡೆ ನೋಡಿಕೊಂಡು ಬರೀ ನಿಟ್ಟುಸಿರು.

‘ಲೇ, ನಾಯ್ಗೆ ಏನೂ ಹಾಕಿಲ್ವೇನೇ?’

‘ಈಗ್ ತಾನೆ ಹಾಕ್ದೆ ಕಣ್ರೀ.’

‘ಸುಳ್ ಯಾಕ್ ಹೇಳ್ತೀಯ? ತಟ್ಟೆ ನೋಡಿಲ್ಲಿ, ಒಣಗೋಗೈತೆ!’

ಒಣಗಿದ ತಟ್ಟೆಯೇ ಸಾಕ್ಷಿ, ಹೆಂಡತಿಯ ಬಾಯಿ ಸಾಕ್ಷಿಯಲ್ಲ. ಸೋಮನಿಗೆ ಎರಡನೇ ತಿಂಡಿ, ತುಪ್ಪ ಹಾಕಿದ ಎರಡು ಇಡ್ಲಿ. ತಿನ್ನುತ್ತಾ ಒಮ್ಮೆ ನನ್ನ ಕಡೆ ನೋಡುತ್ತಾನೆ. ಆ ನೋಟಕ್ಕೆ ಅರ್ಥ ಹೇಳಲು ಹೋದರೆ ನನಗೆ ತಲೆ ಕೆಟ್ಟಿದೆ ಎನ್ನುತ್ತೀರಿ, ಬಿಡಿ.

ಯಜಮಾನರು ಲಿಂಗಪೂಜೆಗೆ ಕೂತರೆ ಸೋಮ ದೇವರಮನೆಯ ಹೊಸ್ತಿಲಾಚೆ ಮುಂಗಾಲು ಜೋಡಿಸಿ ಕೂರುತ್ತಾನೆ. ಕಣ್ಣು ಅರ್ಧ ಮುಚ್ಚಿರುತ್ತದೆ. ಮುಚ್ಚದ ಅರ್ಧ ನೈವೇದ್ಯದ ಬಾಳೆಹಣ್ಣಿನ ಮೇಲೆ. ಪೂಜೆ ಮುಗಿದ ಮೇಲೆ ಯಜಮಾನರು ಅವನ ಹಣೆಗೂ ಮೂರು ಗೆರೆ ವಿಭೂತಿ ಎಳೆಯುತ್ತಾರೆ. ಆಗ ತಲೆ ಬಾಗಿಸುತ್ತಾನೆ ನೋಡಿ, ಮದುವೆಯ ದಿನ ನಾನೂ ಅಷ್ಟು ಬಾಗಿಸಿರಲಿಲ್ಲ. ‘ಇದು ಹೋದ ಜನ್ಮದಲ್ಲಿ ಯಾವ್ದೋ ದೊಡ್ ಭಕ್ತ ಕಣೇ’ ಎಂದು ಇವರ ಕಣ್ಣಲ್ಲಿ ನೀರು. ಈ ಜನ್ಮದಲ್ಲಿ ಮೂವತ್ತೊಂಬತ್ತು ವರ್ಷ ಅದೇ ದೇವರಮನೆ ಸಾರಿಸಿದವಳು ಯಾವ ಲೆಕ್ಕಕ್ಕೂ ಇಲ್ಲ.

ಹಾಸನದ ಕಥೆ ಕಳೆದ ಆಷಾಢದ್ದು. ಮಂಡಿಗೆ ಒಳ್ಳೆಯದೆಂದು ನಾನು ಒಂದು ಮೆತ್ತನೆಯ ಚಪ್ಪಲಿ ತರಿಸಿಕೊಂಡಿದ್ದೆ. ತಂದ ಮೂರನೇ ದಿನ ಸೋಮ ಅದರ ಹಿಮ್ಮಡಿಯನ್ನು ಅಗಿದು ಪುಡಿ ಮಾಡಿದ. ಪೊರಕೆ ಎತ್ತಿದೆ. ಎತ್ತಿದ್ದು ನಿಜ, ಹೊಡೆಯಲಿಲ್ಲ. ಬಗ್ಗಿ ಹೊಡೆಯಲು ಮಂಡಿ ಬಿಡಬೇಕಲ್ಲ! ಅಷ್ಟರಲ್ಲಿ ಯಜಮಾನರ ಚಪ್ಪಲಿಯ ಸದ್ದು ಕೇಳಿತು. ಸೋಮ ತಟ್ಟನೆ ಮುಂಗಾಲೆತ್ತಿ ಮೂರೇ ಕಾಲಲ್ಲಿ ಕುಂಟುತ್ತಾ ಅವರ ಹತ್ತಿರ ಹೋಗಿ ನಿಂತ.

‘ಅಯ್ಯೋ ಪಾಪಿ, ಕಾಲ್ ಮುರ್ದಾಕ್ಬುಟ್ಯಲ್ಲೇ!’

ಹತ್ತು ನಿಮಿಷದಲ್ಲಿ ಕಾರು ಹೊರಗೆ ಬಂತು. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಸೋಮನ ತಲೆ, ನೋವಿರುವ ಮಂಡಿಯ ಮೇಲೆಯೇ ಅವನ ಎರಡೂ ಮುಂಗಾಲು. ಅರಕಲಗೂಡಿನಿಂದ ಹಾಸನದವರೆಗೆ ಹಂಪ್ ಬಂದಾಗಲೆಲ್ಲ ‘ಹುಷಾರು, ಹುಷಾರು’ ಎಂದರು. ನಾನು ಒಂದೆರಡು ಸಲ ‘ಆಗ್ಲಿ’ ಎಂದೂ ಉತ್ತರ ಕೊಟ್ಟೆ. ಆಮೇಲೆ ತಿಳಿಯಿತು, ಹೇಳುತ್ತಿದ್ದುದು ನನಗಲ್ಲ.

ನಾಯಿ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ ನಕ್ಕರು. ‘ಸಾರ್, ಮೂಳೆ ಕಬ್ಬಿಣ ಇದ್ದಂಗಿದೆ. ನೀವು ನೋಡ್ಲಿ ಅಂತ ಕುಂಟ್ತಾನೆ, ಅಷ್ಟೆ. ನೀವು ಆ ಕಡೆ ಮುಖ ತಿರುಗಿಸ್ಕೊಳ್ಳಿ, ಸರಿಹೋಗ್ತಾನೆ.’ ಯಜಮಾನರ ಮುಖ ದಪ್ಪಗಾಯಿತು. ಆಚೆ ಬಂದು, ‘ಇನ್ನೂ ಎಳೇ ಹುಡ್ಗ, ಅನುಭವ ಸಾಲ್ದು’ ಎಂದರು. ಬರುವ ದಾರಿಯಲ್ಲಿ ಮೂಳೆ ಡಾಕ್ಟರ ದೊಡ್ಡ ಬೋರ್ಡು ಕಂಡಿತು.

‘ರೀ, ಹೆಂಗೂ ಬಂದಿದ್ದೀವಿ. ನನ್ ಮಂಡೀನೂ ಒಂದ್ಸಲ ತೋರ್ಸಣ್ವಾ?’

ಯಜಮಾನರು ಕನ್ನಡಿಯಲ್ಲಿ ಹಿಂದೆ ನೋಡಿದರು. ನನ್ನನ್ನಲ್ಲ, ಸೋಮನನ್ನು.

‘ಇವನ್ಗೆ ಸುಸ್ತಾಗೈತೆ ಕಣೇ. ಇನ್ನೊಂದಿನ ಬರಣ. ನಿಂದೇನು, ವಯಸ್ಸಾದ್ಮೇಲೆ ಎಲ್ರಿಗೂ ಇರದೇಯ. ನಾಟ್ಕ ಕಮ್ಮಿ ಮಾಡು, ಅದೇ ಓಯ್ತದೆ.’

ಬಸ್ಸು ಹತ್ತಿ ನೀನೇ ಹೋಗಬಹುದಿತ್ತಲ್ಲಮ್ಮ ಎನ್ನುತ್ತೀರಿ. ಬಸ್ಸಿನ ಮೊದಲನೇ ಮೆಟ್ಟಿಲು ಹತ್ತುವ ಕಾಲಿದ್ದರೆ ಆಸ್ಪತ್ರೆ ಯಾಕೆ ಸ್ವಾಮಿ? ಮಗ ನಟರಾಜ ಹಾಸನದಲ್ಲೇ ಬ್ಯಾಂಕಿನಲ್ಲಿದ್ದಾನೆ. ಫೋನಿನಲ್ಲಿ ಹೇಳಿದರೆ ‘ಅಪ್ಪಂಗ್ ಕೊಡಮ್ಮ’ ಎನ್ನುತ್ತಾನೆ. ಅಪ್ಪ ಫೋನು ಹಿಡಿದು ‘ಏನೂ ಇಲ್ಲ ಕಣ್ಲಾ, ಕಲ್ಲುಗುಂಡಿನಂಗವಳೆ’ ಎಂದು ಇಟ್ಟುಬಿಡುತ್ತಾರೆ. ಆಟೋ ಮಾಡಿಕೊಂಡು ಹೋಗಬಹುದಿತ್ತು, ಅದೂ ನಿಜ. ಆದರೆ ನನಗೂ ಒಂದು ಹಠ ಇತ್ತು. ನನಗೆ ನೋಯುತ್ತದೆ ಎಂದು ಈ ಮನುಷ್ಯ ಒಂದೇ ಒಂದು ಸಲ ನಂಬಬೇಕು, ನಂಬಿ ತಾನೇ ಕರೆದುಕೊಂಡು ಹೋಗಬೇಕು. ಔಷಧಿಗಿಂತ ಅದು ಬೇಕಾಗಿತ್ತು ನನಗೆ. ಆ ಹಠದಲ್ಲಿ ಎರಡು ವರ್ಷ ಕುಂಟಿದೆ.

ಇಷ್ಟರಲ್ಲಿ ಸೋಮನ ಭಕ್ತಿ ಇನ್ನೊಂದು ಮೆಟ್ಟಿಲು ಏರಿತು. ಪ್ರತಿ ಭಾನುವಾರ, ಪ್ರತಿ ಬುಧವಾರ ಮಧ್ಯಾಹ್ನ ಅವನು ಊಟ ಮುಟ್ಟುವುದಿಲ್ಲ. ತುಪ್ಪ ಹಾಕಿದರೂ ಇಲ್ಲ, ಮೊಸರು ಹಾಕಿದರೂ ಇಲ್ಲ. ತಟ್ಟೆಯನ್ನು ಒಮ್ಮೆ ಮೂಸಿ, ಲೋಕವೇ ಸಾಕಾದವರಂತೆ ಮುಖ ತಿರುಗಿಸಿ ಮಲಗುತ್ತಾನೆ. ‘ವಾರಕ್ಕೆರಡು ಉಪವಾಸ ಕಣೇ! ಮನುಷ್ಯರ ಕೈಲೂ ಆಗಲ್ಲ!’ ಎಂದು ಯಜಮಾನರು ವಾಕಿಂಗ್ ಗೆಳೆಯರ ಮುಂದೆಲ್ಲ ಸಾರಿಕೊಂಡು ಬಂದರು.

ನಾನು ಒಂದು ಭಾನುವಾರ ಬಟ್ಟೆ ಒಣಹಾಕಲು ಒಂದೊಂದೇ ಮೆಟ್ಟಿಲು ಹತ್ತಿ ತಾರಸಿಗೆ ಹೋದೆ. ನಮ್ಮ ಹಿತ್ತಲ ಗೋಡೆಯಾಚೆ ಶುಂಠಿ ವ್ಯಾಪಾರದ ಕೃಷ್ಣಪ್ಪನವರ ಮನೆ. ಹಿಂದೆ ನಮ್ಮ ಯಜಮಾನರು ಅವರ ತಕ್ಕಡಿ ಹಿಡಿದು ದಂಡ ಹಾಕಿದ್ದರು, ಅಂದಿನಿಂದ ಗಂಡಸರಿಬ್ಬರಿಗೂ ಮಾತಿಲ್ಲ. ಕೃಷ್ಣಪ್ಪನವರ ಹೆಂಡತಿ ಅನಸೂಯಮ್ಮನೂ ನಾನೂ ಗೋಡೆಯ ಮೇಲಿಂದ ಚೆನ್ನಾಗಿಯೇ ಇದ್ದೇವೆ. ಬಗ್ಗಿ ನೋಡುತ್ತೇನೆ, ಅವರ ಕೊಟ್ಟಿಗೆಯ ಪಕ್ಕದಲ್ಲಿ ಸೋಮ. ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಅಳಿಸಿಲ್ಲ, ಎರಡು ಮುಂಗಾಲ ನಡುವೆ ಕುರಿಯ ಒಂದು ತೊಡೆಮೂಳೆ.

‘ಅಕ್ಕಾ, ನಮ್ ಟೈಗರ್ ನೋಡಕ್ಕಾ, ಎಂಗ್ ತಿಂತಾನೆ!’ ಎಂದರು ಅನಸೂಯಮ್ಮ, ಹೆಮ್ಮೆಯಿಂದ. ‘ಬಾನ್ವಾರ ಬುದ್ವಾರ ತಪ್ಸಾಕಿಲ್ಲ ಕಣಕ್ಕ. ಬಾಡಿನ್ ವಾಸ್ನೆ ಬತ್ತಿದ್ದಂಗೆ ಬಂದ್ಬುಡ್ತಾನೆ. ಸೋಮ್ವಾರ ಮಾತ್ರ ಈ ಕಡೀಕೆ ತಲೇನೂ ಆಕಾಕಿಲ್ಲ.’

ಸೋಮವಾರ ಕೃಷ್ಣಪ್ಪನವರ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ಅಂದು ಪಾಯಸ. ಪಂಚಾಂಗ ಇವನಷ್ಟು ಚೆನ್ನಾಗಿ ನೋಡುವ ಜ್ಯೋತಿಷಿ ನಮ್ಮೂರಿನಲ್ಲಿ ಇಲ್ಲ.

ಯಜಮಾನರಿಗೆ ಹೇಳಿದೆ. ಹೇಳದೆ ಇರುತ್ತೇನೆಯೇ? ಮೆಟ್ಟಿಲು ಇಳಿಯುವ ನೋವೂ ಮರೆತು ಹೋಗಿ ಹೇಳಿದೆ. ಅವರು ಪೇಪರ್ ಮಡಚಿ, ಕನ್ನಡಕ ತೆಗೆದು, ಕಳ್ಳತಕ್ಕಡಿಯವನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

‘ಒಂದ್ ಮೂಕಪ್ರಾಣಿ ಮೇಲೆ ಇಷ್ಟು ಹೊಟ್ಟೆಕಿಚ್ಚಾ ರೇವಾ ನಿಂಗೆ?’

ಶ್ರಾವಣ ಬಂತು. ಕೃಷ್ಣಪ್ಪನವರ ಮನೆಯಲ್ಲಿ ತಿಂಗಳಿಡೀ ಬಾಡಿಲ್ಲ. ಲೋಕವೆಲ್ಲ ಉಪವಾಸ ಇರುವ ತಿಂಗಳಲ್ಲಿ ನಮ್ಮ ಭಕ್ತರು ಭಾನುವಾರವೂ ಉಂಡರು, ಬುಧವಾರವೂ ಉಂಡರು, ನನ್ನ ಪಾಲಿನ ಚಪಾತಿಯನ್ನೂ ಉಂಡರು. ‘ಈಗ್ಯಾಕೆ ಉಪವಾಸ ಇಲ್ಲ?’ ಎಂದೆ. ಇವರ ಹತ್ತಿರ ಉತ್ತರ ಸಿದ್ಧವಾಗಿತ್ತು. ‘ಚಳೀ ಗಾಳಿ ಕಣೇ, ಮೈ ನಿತ್ರಾಣ ಆಯ್ತದೆ ಅಂತ ಅವನ್ಗೇ ಗೊತ್ತು. ವಿವೇಕ ಅಂದ್ರೆ ಅದು.’ ವಕೀಲರನ್ನು ಇಟ್ಟುಕೊಂಡಿರುವ ಕಳ್ಳನ ಜೊತೆ ಯಾರು ವಾದ ಮಾಡುತ್ತಾರೆ?

ಶ್ರಾವಣ ಕಳೆದದ್ದೇ ಉಪವಾಸ ಮತ್ತೆ ಶುರುವಾಯಿತು. ಯುಗಾದಿಯ ಮಾರನೇ ದಿನ ಹೊಸತೊಡಕು. ನಮ್ಮಂಥ ನಾಲ್ಕು ಮನೆ ಬಿಟ್ಟು ಊರೆಲ್ಲ ಮಟನ್ ಬೇಯುವ ದಿನ. ಅಂದು ಬೆಳಿಗ್ಗೆ ಹತ್ತರಿಂದ ಮಾಯವಾಗಿದ್ದ ಸೋಮ ಎರಡು ಗಂಟೆಗೆ ಬಂದು ಅಂಗಳದಲ್ಲಿ ಅಡ್ಡ ಬಿದ್ದ. ಹೊಟ್ಟೆ ತಮಟೆ. ನೀರನ್ನೂ ಮುಟ್ಟಲಿಲ್ಲ. ಯಜಮಾನರಿಗೆ ಆನಂದ ತಡೆಯಲಾಗಲಿಲ್ಲ. ‘ಊರೆಲ್ಲ ಮೂಳೆ ಕಡೀತಾ ಇರೋ ದಿನ ನಮ್ ಸೋಮ ನಿರ್ಜಲ ಉಪವಾಸ!’ ಎಂದು ವಾಕಿಂಗ್ ಗೆಳೆಯ ಸಿದ್ದೇಶ್ವರ ಅವರಿಗೆ ಫೋನ್ ಮಾಡಿದರು. ಸಿದ್ದೇಶ್ವರ ಪಾಪ ನಂಬುವ ಮನುಷ್ಯ, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಂದೇಬಿಟ್ಟರು. ಸೋಮನ ಮುಂದೆ ನಿಂತು ಕೈ ಮುಗಿದರು. ಸೋಮ ತೇಗಿದ. ಆ ವಾಸನೆಗೆ ಸಿದ್ದೇಶ್ವರ ಒಂದು ಹೆಜ್ಜೆ ಹಿಂದೆ ಸರಿದರು. ಅದೇ ಹೊತ್ತಿಗೆ ಹಿತ್ತಲ ಗೋಡೆಯಾಚೆಯಿಂದ ಅನಸೂಯಮ್ಮನ ಗಂಟಲು.

‘ಟೈಗರ್! ಬಾರ್ಲಾ, ತಲೆಮೂಳೆ ಐತೆ!’

ನಿರ್ಜಲ ಉಪವಾಸದವನು ಎದ್ದ. ಗೋಡೆ ಹಾರಿದ. ನಾಲ್ಕು ಕಾಲೂ ಚೆನ್ನಾಗಿದ್ದವು.

ನಾನು ಯಜಮಾನರ ಮುಖವನ್ನೇ ನೋಡುತ್ತಿದ್ದೆ. ಈಗ ಏನೆನ್ನುತ್ತಾರೆ? ಸಿದ್ದೇಶ್ವರ ಆಕಾಶ ನೋಡುತ್ತಿದ್ದರು. ಯಜಮಾನರು ಗಂಟಲು ಸರಿಮಾಡಿಕೊಂಡು ಹೇಳಿದರು. ‘ಅವ್ರ್ ಮನೆ ಕರು ಕಾಯಕ್ಕೆ ಓಗ್ತಾನೆ. ಉಪವಾಸ ಇದ್ರೂ ಸೇವೆ ಬಿಡಲ್ಲ.’

ಅಂದು ಅಡಿಗೆಮನೆಗೆ ಹೋಗಿ ಕೂತೆ. ಮೊದಲು ನಗು ಬಂತು, ಆಮೇಲೆ ಅಳು ಬಂತು. ಕಣ್ಣೆದುರಿನ ಸುಳ್ಳನ್ನೂ ಈ ಮನುಷ್ಯ ನಂಬಬಲ್ಲ. ಹಾಗಾದರೆ ನಂಬುವ ಶಕ್ತಿ ಇವರಿಗೆ ಇಲ್ಲವೆಂದಲ್ಲ, ಧಾರಾಳವಾಗಿದೆ. ನನಗೆ ಮಾತ್ರ ಅದನ್ನು ಗಿಟ್ಟಿಸಿಕೊಳ್ಳಲು ಬರಲಿಲ್ಲ. ನಾನು ಮಾಡಿದ ತಪ್ಪೇನು? ಬಾಯಿಬಿಟ್ಟು ಹೇಳಿದೆ. ಬೆಳಿಗ್ಗೆ ಹೇಳಿದೆ, ಸಂಜೆ ಹೇಳಿದೆ, ಹೇಳುತ್ತಲೇ ರೊಟ್ಟಿ ತಟ್ಟಿದೆ, ಹೇಳುತ್ತಲೇ ಬಟ್ಟೆ ಒಗೆದೆ. ಸೋಮ ಎಂದಾದರೂ ಏನಾದರೂ ಹೇಳಿದ್ದಾನೆಯೇ? ಅವನು ಊಟ ಬಿಡುತ್ತಾನೆ, ಗೋಡೆ ನೋಡುತ್ತಾನೆ, ನಿಟ್ಟುಸಿರು ಬಿಡುತ್ತಾನೆ. ಅದೂ ನೋಡುವವರು ಇದ್ದಾಗ ಮಾತ್ರ.

ಮಾರನೇ ದಿನ ಏಳಕ್ಕೆ ಯಜಮಾನರು ಗೇಟು ತೆಗೆದಾಗ ನಾನು ಜಗುಲಿಯ ಮೆಟ್ಟಿಲ ಮೇಲೆ ಬಲಗಾಲು ಚಾಚಿ ಕೂತಿದ್ದೆ. ಒಲೆ ಹಚ್ಚಿರಲಿಲ್ಲ. ಅವರ ಮುಖ ನೋಡಲಿಲ್ಲ. ಗೋಡೆ ನೋಡಿದೆ, ಒಂದು ನಿಟ್ಟುಸಿರು ಬಿಟ್ಟೆ. ಪಕ್ಕದಲ್ಲಿ ಸೋಮ ಖಾಲಿ ತಟ್ಟೆ ತಂದು ಮಲಗಿದ್ದ. ಒಂದೇ ಮೆಟ್ಟಿಲಿಗೆ ಇಬ್ಬರು ಕಲಾವಿದರಾದೆವು.

‘ಕಾಫಿ ಎಲ್ಲೇ?’

ನಿಟ್ಟುಸಿರು.

‘ಯಾಕೇ? ಏನಾಯ್ತು?’

ಎರಡು ಕೈಯಲ್ಲೂ ಮಂಡಿ ಹಿಡಿದುಕೊಂಡು ಸ್ವಲ್ಪ ಎತ್ತಿದೆ, ಮತ್ತೆ ಇಳಿಸಿದೆ. ಮಾತಿಲ್ಲ. ಮಾತಾಡಬೇಕೆಂದು ನಾಲಿಗೆ ತುರಿಸುತ್ತಿತ್ತು, ತಡೆದುಕೊಂಡೆ. ತಾವೇ ಹೋಗಿ ಬ್ರೆಡ್ಡಿಗೆ ಜಾಮು ಸವರಿ ತಂದರು. ಮೂಸಿ ಮುಖ ತಿರುಗಿಸಿದೆ. ಆಗ ಅವರಿಗೆ ಗಾಬರಿಯಾಯಿತು. ಕೆಳಗಿನ ಮೆಟ್ಟಿಲಲ್ಲಿ ಕುಕ್ಕರಿಸಿ ಕೂತು ನನ್ನ ಮಂಡಿ ಮುಟ್ಟಿ ನೋಡಿದರು. ಎರಡು ವರ್ಷದಲ್ಲಿ ಮೊದಲನೇ ಸಲ.

‘ರೇವಾ, ಊದ್ಕಂಡೈತಲ್ಲೇ! ಬಿಸಿ ಬೇರೆ! ಮಾತಾಡೇ... ಲೇ... ಇರು, ಕಾರ್ ತೆಗೀತೀನಿ.’

ಆಟ ಕಟ್ಟಿದ್ದು ನಾನೇ, ಒಪ್ಪುತ್ತೇನೆ. ಊತ ಮಾತ್ರ ನಾನು ಕಟ್ಟಿದ್ದಲ್ಲ. ಈ ಸಲ ಮುಂದಿನ ಸೀಟು ನನ್ನದು. ಸೋಮನ ಕಂಬಳಿ ಮಡಚಿ ನನ್ನ ಕಾಲಡಿ ಇಟ್ಟರು. ಹಂಪ್ ಬಂದಾಗಲೆಲ್ಲ ‘ಹುಷಾರು’ ಎಂದರು, ನನಗೇ ಎಂದರು. ಆಸ್ಪತ್ರೆಯ ಮೆಟ್ಟಿಲಲ್ಲಿ ಕೈ ಹಿಡಿದರು. ಆ ಕೈ ಹಿಡಿದಾಗ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಅದರ ಹಿಂದೆಯೇ ಸಿಟ್ಟೂ ಬಂತು. ನಿಜ ಹೇಳಿದಾಗ ಎರಡು ವರ್ಷ ಸಿಗದ ಕೈ, ನಾಯಿಯ ಹತ್ತಿರ ಪಾಠ ಹೇಳಿಸಿಕೊಂಡ ಒಂದೇ ಬೆಳಿಗ್ಗೆ ಸಿಕ್ಕಿತಲ್ಲ!

ಮೂಳೆ ಡಾಕ್ಟರು ನನ್ನ ಮಂಡಿ ಒತ್ತಿ, ಮಡಚಿ, ಬಿಡಿಸಿ ನೋಡಿದರು. ಎಕ್ಸ್‌ರೇ ಬಂತು.

‘ಎಷ್ಟು ದಿನದಿಂದ ನೋವು?’

ನಾನು ಬಾಯಿ ತೆರೆಯುವ ಮುಂಚೆಯೇ ಯಜಮಾನರು ಹೇಳಿದರು. ‘ಇವತ್ ಬೆಳಿಗ್ಗೆಯಿಂದ ಸಾ.’

ಸುಳ್ಳು ಹೇಳಲಿಲ್ಲ ಅವರು. ಅದೇ ದೊಡ್ಡ ಸಂಕಟ. ಅವರ ಮಟ್ಟಿಗೆ ನನ್ನ ನೋವು ಶುರುವಾದದ್ದು ಅವತ್ತು ಬೆಳಿಗ್ಗೆ ಏಳಕ್ಕೇ.

‘ಎರಡು ವರ್ಷದಿಂದ ಡಾಕ್ಟ್ರೇ’ ಎಂದೆ.

ಡಾಕ್ಟರು ಒಮ್ಮೆ ಇವರನ್ನು, ಒಮ್ಮೆ ನನ್ನನ್ನು ನೋಡಿದರು. ‘ಅದೇ ಅಂದ್ಕೊಂಡೆ. ಸವೆದು ಮೂಳೆಗೆ ಮೂಳೆ ತಾಗ್ತಾ ಇದೆಯಮ್ಮ. ಇದನ್ನಿಟ್ಕೊಂಡು ಮನೆ ಕೆಲಸ ಎಲ್ಲ ಮಾಡ್ತಿದ್ರಾ? ಎರಡು ವರ್ಷದ ಹಿಂದೆ ಬಂದಿದ್ರೆ ವ್ಯಾಯಾಮ, ಔಷಧೀಲೇ ಇಷ್ಟು ದಿನ ತಳ್ಳಬಹುದಿತ್ತು. ಈಗ ಆಪರೇಷನ್ನೇ ಗತಿ.’

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಯಜಮಾನರು ಎಕ್ಸ್‌ರೇ ಕವರನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, ಪಾಪ, ನಿಜವಾದ ದುಃಖದಿಂದಲೇ ಕೇಳಿದರು.

‘ಇಷ್ಟೊಂದು ನೋವಿತ್ತು ಅಂದ್ರೆ, ನೀನು ಒಂದ್ ಮಾತು ಹೇಳ್ಬಾರ್ದಿತ್ತೇನೇ?’

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಆಸ್ಪತ್ರೆ ಎಂದೂ ನೋಡಲಿಲ್ಲ, ಜನ ಎಂದೂ ನೋಡಲಿಲ್ಲ.

‘ಹೇಳ್ಬಾರ್ದಿತ್ತಾ? ಹೇಳ್ಬಾರ್ದಿತ್ತೇನ್ರೀ? ಎರಡು ವರ್ಷ ಹೇಳಿದ್ದು ನಿಮ್ಗೇ ಅಲ್ವಾ! ಇದೇ ರೋಡಲ್ಲಿ, ಇದೇ ಬೋರ್ಡ್ ತೋರ್ಸಿ ಹೇಳ್ದೆ, ನಾಯ್ಗೆ ಸುಸ್ತಾಗೈತೆ ಅಂದ್ರಿ. ನಾಟ್ಕ ಅಂದ್ರಿ. ನಾಟ್ಕ ಆಡ್ದಾಗ ನಂಬಿ ಕರ್ಕೊಂಡ್ ಬಂದ್ರಿ. ನನ್ ಬಾಯಿಗಿಂತ ಆ ನಾಯಿ ತಟ್ಟೆಗೆ ಬೆಲೆ ಜಾಸ್ತಿ ಕಣ್ರೀ ನಿಮ್ಮನೇಲಿ!’

ನರ್ಸಮ್ಮ ಒಬ್ಬಳು ಬಾಗಿಲಿಂದ ಇಣುಕಿ ನೋಡಿ ಒಳಗೆ ಹೋದಳು. ಎದುರು ಬೆಂಚಿನಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದವನು ನೋವು ಮರೆತು ಕೇಳುತ್ತಿದ್ದ. ಯಜಮಾನರು ನನ್ನನ್ನು ಗದರಲಿಲ್ಲ. ಎಕ್ಸ್‌ರೇ ಹಾಳೆಯನ್ನು ಕವರಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಒಳಗಿಟ್ಟರು.

‘ರೇವಾ’ ಎಂದರು, ತೀರಾ ಮೆಲ್ಲಗೆ. ‘ಇನ್ನೂ ಏನೇನ್ ಹೇಳಿದ್ದೆ ನೀನು, ನಾನು ಕೇಳಿಸ್ಕೊಳ್ದೇ ಇರೋದು?’

ಮೂವತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯ ನನ್ನನ್ನು ಕೇಳಿದ ಮೊದಲನೇ ಪ್ರಶ್ನೆ ಅದು. ಬೇರೆಯವೆಲ್ಲ ಕಾಫಿ ಎಲ್ಲಿ, ಟವೆಲ್ ಎಲ್ಲಿ ಎನ್ನುವಂಥವು. ಅತ್ತರೆ ಮತ್ತೆ ನಾಟಕ ಎಂದಾರು ಎಂದು ತಡೆದುಕೊಂಡೆ.

‘ಬಹಳ ಐತೆ. ಮೊದ್ಲು ಒಂದ್ ಲೋಟ ಕಾಫಿ ತನ್ನಿ, ಬೆಳಿಗ್ಗೆಯಿಂದ ಕುಡ್ದಿಲ್ಲ. ಆಮೇಲ್ ಹೇಳ್ತೀನಿ’ ಎಂದೆ.

ಓಡಿದಂತೆ ಹೋಗಿ ಕ್ಯಾಂಟೀನಿನಿಂದ ತಂದರು. ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಪಕ್ಕದಲ್ಲಿ ಕೂತು, ಹೇಳು ಎನ್ನುವ ಹಾಗೆ ನನ್ನ ಮುಖವನ್ನೇ ನೋಡಿದರು. ಒಂದು ಗುಟುಕು ಕುಡಿದೆ. ಎರಡು ಚಮಚ ಸಕ್ಕರೆ ಹಾಕಿಸಿದ್ದರು. ನಾನು ಸಕ್ಕರೆ ಬಿಟ್ಟು ಆರು ವರ್ಷವಾಯಿತು.

ಅಲ್ಲಿಂದಲೇ ಶುರು ಮಾಡಿದೆ.